ಅಪ್‌ಡೇಟ್: 9×9 ಮೀಟರ್ ಲಾನ್‌ಗೆ ಎಷ್ಟು ವಾಲ್ವ್ ಬೇಕು?

9×9 ಮೀಟರ್ ಲಾನ್‌ನ ಒಂಬತ್ತೂ ಸ್ಪ್ರಿಂಕ್ಲರ್‌ಗಳು ಒಂದೇ ವಾಲ್ವ್‌ನಲ್ಲಿ ಓಡುತ್ತವೆಯೇ ಎಂದು ಕೇಳಿದ್ದೆ. ಓಡುವುದಿಲ್ಲ, ಮೂರು ವಾಲ್ವ್ ಬೇಕು.

ಓವರ್‌ಹೆಡ್ ಟ್ಯಾಂಕ್ ಆಗದು. 6 ಮೀಟರ್ ಎತ್ತರಕ್ಕೆ ಸಿಗುವುದು 0.6 ಬಾರ್ ಒತ್ತಡ, ಈ ಸ್ಪ್ರಿಂಕ್ಲರ್‌ಗಳ ಸ್ಪ್ರೇ ಹೆಡ್‌ಗೆ ಬೇಕಾದದ್ದು ಸುಮಾರು 2 ಬಾರ್. ಹಾಗಾಗಿ ಸಂಪಿನಿಂದ ಪಂಪ್.

ಪೂರ್ತಿ ತೆರೆದ ಪೈಪಿನಲ್ಲಿ ಬಕೆಟ್ ತುಂಬಿಸಿ ಅಳೆದರೆ ಲೆಕ್ಕ ತಪ್ಪುತ್ತದೆ, ಒತ್ತಡ ಏರಿದಂತೆ ಪಂಪ್ ಕೊಡುವ ನೀರು ಇಳಿಯುತ್ತದೆ. ಪಂಪಿನ ಹೊರಬಾಯಿಗೆ ಪ್ರೆಶರ್ ಗೇಜ್, ಮುಂದೆ ಬಾಲ್ ವಾಲ್ವ್ ಹಾಕಿ. ನೀರು ಹರಿಯುವಾಗಲೇ ಮುಳ್ಳು 2.5 ಬಾರ್‌ಗೆ (ಹೆಡ್‌ಗೆ 2, ಪೈಪಿನಲ್ಲಿ ಕಳೆಯುವುದಕ್ಕೆ ಅರ್ಧ) ನಿಲ್ಲುವಷ್ಟು ಆ ಬಾಲ್ ವಾಲ್ವ್ ಮುಚ್ಚಿ, ಆಮೇಲೆ ಅಳೆಯಿರಿ. ಇಲ್ಲಿ 20 ಲೀಟರ್‌ಗೆ 44 ಸೆಕೆಂಡ್, ಅಂದರೆ ನಿಮಿಷಕ್ಕೆ 27 ಲೀಟರ್. ಅದರ 80% ಮಾತ್ರ ನಂಬಬೇಕು: 22 ಲೀಟರ್.

4.5 ಮೀಟರ್ ದೂರ ಚಿಮ್ಮುವ ನಾಝಲ್‌ಗಳು ನಿಮಿಷಕ್ಕೆ ಎಳೆಯುವುದು: ಮೂಲೆಯ ಕಾಲು ವೃತ್ತ 3.5, ಅಂಚಿನ ಅರ್ಧ 7, ನಡುವಿನ ಪೂರ್ಣ 14 ಲೀಟರ್. ನಾಲ್ಕು ಮೂಲೆ, ನಾಲ್ಕು ಅಂಚು, ನಡುವೆ ಒಂದು: ಒಟ್ಟು 56. 22 ಮೀರದಂತೆ ಮೂರು ವಾಲ್ವ್‌ಗೆ ಹಂಚಿ, ಒಂದಾದ ಮೇಲೊಂದು ಓಡಿಸಬೇಕು: ನಾಲ್ಕು ಮೂಲೆ ಮತ್ತು ಒಂದು ಅಂಚು ಸೇರಿ 21, ಉಳಿದ ಮೂರು ಅಂಚು 21, ನಡುವಿನದು ಒಂದೇ 14.

ಪೈಪ್ 25 ಎಂಎಂ (ಹೊರವ್ಯಾಸ). 20 ಎಂಎಂನಲ್ಲಿ ನೀರಿನ ವೇಗ ಸೆಕೆಂಡಿಗೆ 1.5 ಮೀಟರ್ ಮಿತಿ ದಾಟುತ್ತದೆ. 6 ಮಿಮೀ ನೀರಿಗೆ ಪ್ರತಿ ವಾಲ್ವ್ 9 ನಿಮಿಷ ಸಾಕು.