ಮಕ್ಕಳ ಕರುಳಿನ ಉರಿಯೂತ: ಡಾಕ್ಟರ್ ಮೇಡಂಗೆ ಕೇಳಿ

ಜಗಳೂರಿನ ತಾಯಿ: ಮೇಡಂ, ಮಗನಿಗೆ 11 ವರ್ಷ. ಆರು ತಿಂಗಳಿಂದ ಹೊಟ್ಟೆನೋವು, ಆಗಾಗ ಭೇದಿ. ಗುದದ ಹತ್ತಿರ ಕೀವು ಬರುತ್ತೆ. ಮೂಲವ್ಯಾಧಿ ಅಂತ ಮುಲಾಮು ಕೊಟ್ಟಿದ್ದಾರೆ. ಊಟ ಸೇರಲ್ಲ. ಎರಡು ವರ್ಷದ ಹಿಂದಿನ ಯೂನಿಫಾರ್ಮ್ ಈಗಲೂ ಆಗುತ್ತೆ.

ಡಾಕ್ಟರ್: ನೋಡಮ್ಮ, ಕೊನೆಗೆ ಬರೆದಿರಲ್ಲ, ಯೂನಿಫಾರ್ಮ್ ಮಾತು, ನನಗೆ ಅದೇ ಚಿಂತೆ. ಮಕ್ಕಳಲ್ಲಿ ಕ್ರೋನ್ಸ್ ಕಾಯಿಲೆ (ಕರುಳಿನಲ್ಲಿ ಉರಿಯೂತ, ಹುಣ್ಣು ಮಾಡುವ ದೀರ್ಘಕಾಲದ ಕಾಯಿಲೆ) ಕೆಲವು ಸಲ ಭೇದಿಗಿಂತ ಮೊದಲೇ ಬೆಳವಣಿಗೆಯನ್ನು ತಡೆಯುತ್ತದೆ. ಈ ವಯಸ್ಸಿಗೆ ಮೂಲವ್ಯಾಧಿ ಅಪರೂಪ. ಕೀವು ಬಂದರೆ ಫಿಸ್ಟುಲಾ, ಅಂದರೆ ಕರುಳಿಂದ ಚರ್ಮಕ್ಕೆ ಆಗುವ ಸುರಂಗದಂಥ ದಾರಿ, ಇದೆಯಾ ನೋಡಲೇಬೇಕು. ಆದರೆ ಕರುಳಿನ ಟಿಬಿಯೂ ಹೀಗೇ ಕಾಣುತ್ತದೆ. ಎರಡೂ ಸಣ್ಣ ಕರುಳಿನ ಕೊನೆಯ ಭಾಗದಲ್ಲೇ ಜಾಸ್ತಿ. ಟಿಬಿ ಇರುವ ಮಗುವಿಗೆ ಕ್ರೋನ್ಸ್ ಅಂತ ಸ್ಟೀರಾಯ್ಡ್ ಕೊಟ್ಟರೆ ಟಿಬಿ ಮೈಯೆಲ್ಲ ಹರಡಬಹುದು. ಅದಕ್ಕೇ ಬಾಯಿಂದಲೂ ಗುದದಿಂದಲೂ ಎಂಡೋಸ್ಕೋಪಿ (ಕೊಳವೆ ಕ್ಯಾಮೆರಾದಿಂದ ನೋಡುವುದು), ಹಲವು ಜಾಗದಿಂದ ಚೂರು ತೆಗೆದು ಬಯಾಪ್ಸಿ, ಸಣ್ಣ ಕರುಳಿಗೆ ಎಂಆರ್‌ಐ. ಬಯಾಪ್ಸಿ ತುಂಡಿನಲ್ಲೇ ಟಿಬಿ ಪರೀಕ್ಷೆಯೂ ಆಗಬೇಕು.
ಕ್ರೋನ್ಸ್ ಅಂತಲೇ ಆದರೆ 2011ರ ಪ್ಯಾರಿಸ್ ವರ್ಗೀಕರಣದಂತೆ (ಮಕ್ಕಳ ಈ ಕಾಯಿಲೆಯನ್ನು ವಿಂಗಡಿಸುವ ಪಟ್ಟಿ) ಬರೆದಿಡುತ್ತೇವೆ: ಕಾಯಿಲೆ ಗೊತ್ತಾದಾಗ 10 ವರ್ಷ ತುಂಬಿತ್ತಾ, ಯಾವ ಭಾಗ, ಕರುಳು ಕಿರಿದಾಗಿದೆಯಾ, ತೂತು ಬಿದ್ದಿದೆಯಾ, ಬೆಳವಣಿಗೆ ಕುಂಠಿತವಾ. ದೊಡ್ಡವರ ಪಟ್ಟಿಯಲ್ಲಿ ಈ ಕೊನೆಯದು ಇರಲಿಲ್ಲ. ಶಾಲೆಯಲ್ಲಿ ಅಳೆದ ಎತ್ತರ ಇದ್ದರೆ ಕಳಿಸಿ.

ಹರಿಹರದ ತಂದೆ: ಮಗಳ ಮಲದ ಕ್ಯಾಲ್‌ಪ್ರೊಟೆಕ್ಟಿನ್ (ಕರುಳಿನ ಉರಿಯೂತ ತೋರಿಸುವ ಪರೀಕ್ಷೆ) 180. ಐಬಿಡಿನಾ (ಕ್ರೋನ್ಸ್‌ನಂಥ ಕರುಳಿನ ಉರಿಯೂತದ ಕಾಯಿಲೆ)?

ಡಾಕ್ಟರ್: ಅದೊಂದೇ ನಂಬರಿಂದ ಹೇಳಲಾಗದು. ಆಮಶಂಕೆಯಲ್ಲೂ ಏರುತ್ತದೆ.

ಹೊಸದುರ್ಗದಿಂದ: ನಮ್ಮದು 95, ಮೇಡಂ?

ಡಾಕ್ಟರ್: ಮೇಲೆ ಓದಿ.

ಹೊಳಲ್ಕೆರೆ ತಾಯಿ: ಒಂದೂವರೆ ವರ್ಷದ ಮಗು, ಮಲದಲ್ಲಿ ಲೋಳೆ, ರಕ್ತ.

ಡಾಕ್ಟರ್: ಮೊದಲು ಸೋಂಕು, ಹಾಲಿನ ಅಲರ್ಜಿ ನೋಡಬೇಕು. ಎರಡು ವರ್ಷದೊಳಗೆ ಐಬಿಡಿ ಬಂದರೆ ಜೀನ್ ಪರೀಕ್ಷೆಯೂ ಬೇಕಾಗುತ್ತದೆ. ಇಲ್ಲಿ ಕಾಯಬೇಡಿ, ಇವತ್ತೇ ತೋರಿಸಿ.

ಹೊನ್ನಾಳಿ ಸದಸ್ಯರು: ಫಾರ್ವರ್ಡ್ ಬಂದಿದೆ. ದಾಳಿಂಬೆ ಸಿಪ್ಪೆ ಕಷಾಯ, 21 ದಿನದಲ್ಲಿ ಕರುಳಿನ ಹುಣ್ಣು ಮಾಯ.

ಡಾಕ್ಟರ್: ಈ ವಾರ ಇದು ಮೂರನೇ ಸಲ. ಕೈ ಮುಗಿಯುತ್ತೇನೆ, ನಿಲ್ಲಿಸಿ. ಆ 21 ದಿನದಲ್ಲಿ ಮಗುವಿನ ರಕ್ತ, ತೂಕ ಎರಡೂ ಇಳಿಯುತ್ತಿರುತ್ತವೆ.

ಹೊನ್ನಾಳಿ ಸದಸ್ಯರು: ನಮ್ಮಜ್ಜಿ ಕಾಲದ ಔಷಧಿ ಮೇಡಂ.

ಚನ್ನಗಿರಿಯಿಂದ: ನನ್ನ ತಮ್ಮನಿಗೂ ಕಷಾಯ ಅಂತ ಕೂತ್ವಿ. ಕೊನೆಗೆ ಎರಡು ಬಾಟಲಿ ರಕ್ತ ಹಾಕಿಸಬೇಕಾಯ್ತು.

ದಾವಣಗೆರೆ ಸದಸ್ಯರು: ಎಲ್ಲ ಬೆಣ್ಣೆ ದೋಸೆ, ಮಿರ್ಚಿ ಮಂಡಕ್ಕಿಯಿಂದ. ತಾಯಂದಿರು ಬೇಡ ಅನ್ನಲ್ಲ.

ಚನ್ನಗಿರಿಯಿಂದ: ಸುಮ್ನೆ ತಾಯಂದಿರ ಮೇಲೆ ಹಾಕಬೇಡಿ. ನಿಮ್ಮ ಮನೆಗೆ ಬಂದಾಗ ಗೊತ್ತಾಗುತ್ತೆ.

ದಾವಣಗೆರೆ ಸದಸ್ಯರು: ಮಾತು ಹಿಡಿತದಲ್ಲಿರಲಿ.

ಡಾಕ್ಟರ್: ದೋಸೆ ತಿಂದಿದ್ದಕ್ಕೆ ಬರುವ ಕಾಯಿಲೆ ಅಲ್ಲ ಇದು. ಜಗಳ ಸಾಕು.

ಜಗಳೂರಿನ ತಾಯಿ: ಮೇಡಂ, ಶಾಲೆ ಪುಸ್ತಕ ಸಿಕ್ಕಿತು. 4ನೇ ಕ್ಲಾಸಲ್ಲಿ 124 ಸೆಂ.ಮೀ., ಈಗ 6ನೇ ಕ್ಲಾಸಲ್ಲಿ 126.

ಡಾಕ್ಟರ್: ವರ್ಷಕ್ಕೆ ಸುಮಾರು 5 ಸೆಂ.ಮೀ. ಬೆಳೆಯಬೇಕಾದ ವಯಸ್ಸಮ್ಮ. ನಾಳೆನೇ ಕರೆದುಕೊಂಡು ಬನ್ನಿ. ಮನೆಯಲ್ಲಿ ಯಾರಿಗಾದರೂ ಟಿಬಿ ಇತ್ತಾ?

ಜಗಳೂರಿನ ತಾಯಿ: ನಮ್ಮ ಮಾವನವರಿಗೆ, ಮೂರು ವರ್ಷದ ಹಿಂದೆ. ಇವನು ಅವರ ಪಕ್ಕದಲ್ಲೇ ಮಲಗುತ್ತಿದ್ದ.

ಡಾಕ್ಟರ್: ಹಾಗಾದರೆ ಎದೆಯ ಎಕ್ಸ್‌ರೇಯಿಂದ ಶುರು ಮಾಡೋಣ. ಅಲ್ಲಿವರೆಗೆ ಯಾರು ಬರೆದುಕೊಟ್ಟರೂ ಸ್ಟೀರಾಯ್ಡ್ ಬೇಡ. ಹಳೇ ಚೀಟಿ ಎಲ್ಲ ತನ್ನಿ, ಶಾಲೆ ಪುಸ್ತಕವನ್ನೂ.