ತಮ್ಮ ದೀನ್ (ಧರ್ಮ) ಬಿಟ್ಟಿದ್ದಾನೆ, ಹಬ್ಬಕ್ಕೆ ಕರೆಯಬಹುದಾ?

ಪ್ರಶ್ನೆ: ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ತಮ್ಮ ಇಸ್ಲಾಮಿನಲ್ಲಿ ನಂಬಿಕೆ ಇಲ್ಲ ಅಂತ ಮನೆಯಲ್ಲಿ ಹೇಳಿಬಿಟ್ಟಿದ್ದಾನೆ. ಅಬ್ಬ ಅವನ ಜೊತೆ ಮಾತು ಬಿಟ್ಟಿದ್ದಾರೆ. ಉಮ್ಮನಿಗೆ ಊಟ ಸೇರುತ್ತಿಲ್ಲ. ಬಕ್ರೀದ್‌ಗೆ ಅವನನ್ನು ಕರೆದರೆ ತಪ್ಪಾಗುತ್ತಾ? ಇಂಥದ್ದನ್ನು ಕಂಡವರು ಹೇಳಿ.

ಉಳ್ಳಾಲದಿಂದ: ಅಸ್ಸಲಾಮು ಅಲೈಕುಂ ಅಕ್ಕ. ಖಂಡಿತ ಕರೆಯಿರಿ. ನನ್ನ ತಂಗಿಯೂ ದೀನ್ ಬಿಟ್ಟವಳು. ಆಗ ನಮ್ಮ ಉಸ್ತಾದರು (ಧರ್ಮ ಕಲಿಸುವ ಗುರುಗಳು) ಅಬ್ಬನ ಮುಂದೆ ಕೂತು ಕುರ್‌ಆನಿನ ಸೂರಾ ಲುಕ್ಮಾನಿನ 15ನೇ ಆಯತ್ (ವಚನ) ಓದಿದರು. ತಂದೆತಾಯಿ ಶಿರ್ಕ್ ಮಾಡು, ಅಂದರೆ ಅಲ್ಲಾಹನಿಗೆ ಸಮಾನರನ್ನು ಇಡು ಅಂತ ಒತ್ತಾಯಿಸಿದರೆ ಆ ಮಾತು ಕೇಳಬೇಡ, ಆದರೆ ಈ ಲೋಕದಲ್ಲಿ ಅವರ ಜೊತೆ ಚೆನ್ನಾಗಿ ಬಾಳು ಅನ್ನುತ್ತದೆ ಅದು. ಪ್ರವಾದಿಯವರ ಒಡನಾಡಿ ಅಬೂಬಕರ್ ಅವರ ಮಗಳು ಅಸ್ಮಾರ ವಿಷಯವನ್ನೂ ಹೇಳಿದರು. ಇಸ್ಲಾಂ ಒಪ್ಪದ ತಾಯಿ ನೋಡಲು ಬಂದಾಗ, ಸಂಬಂಧ ಇಟ್ಟುಕೊಳ್ಳಲಾ ಅಂತ ಅಸ್ಮಾ ಪ್ರವಾದಿಯವರನ್ನು (ಸ) ಕೇಳಿದರು. ಹೌದು, ಇಟ್ಟುಕೋ ಅಂದರು. ಬುಖಾರಿ, ಮುಸ್ಲಿಂ ಎರಡೂ ಸಂಗ್ರಹಗಳಲ್ಲಿ ಈ ಹದೀಸ್ (ಪ್ರವಾದಿಯವರ ನಡೆನುಡಿಯ ವರದಿ) ಇದೆ.

ಅಬ್ಬ ಸುಮ್ಮನಾಗಲಿಲ್ಲ. ಆ ತಾಯಿ ಮೊದಲಿನಿಂದಲೂ ಒಪ್ಪದವರು, ನಮ್ಮವಳು ಒಳಗಿದ್ದು ಬಿಟ್ಟವಳು ಅಂದರು. ನಿಜ, ಫಿಕ್ಹ್ (ಧರ್ಮಶಾಸ್ತ್ರ) ಕಿತಾಬುಗಳಲ್ಲಿ ಮುರ್ತದ್, ಅಂದರೆ ದೀನ್ ಬಿಟ್ಟವರ ವಿಷಯ ಬೇರೆಯೇ ಇದೆ, ಕಠಿಣವಾಗಿಯೇ ಇದೆ. ಆದರೆ ಶಿಕ್ಷೆಯ ಮಾತು ಆಡಳಿತಕ್ಕೂ ಕಾಜಿಗೂ ಬಿಟ್ಟದ್ದು, ಮನೆಯವರು ಕೈಗೆತ್ತಿಕೊಳ್ಳುವಂಥದ್ದಲ್ಲ ಅಂತ ಉಸ್ತಾದರು ಕಡ್ಡಿ ಮುರಿದ ಹಾಗೆ ಹೇಳಿದರು. ಈಗ ತಂಗಿ ಹಬ್ಬಕ್ಕೆ ಬರುತ್ತಾಳೆ. ಉಮ್ಮ ಪತ್ತಿರಿ (ಅಕ್ಕಿ ರೊಟ್ಟಿ) ತಟ್ಟುವಾಗ ಪಕ್ಕದಲ್ಲೇ ಕೂತು ತೆಂಗಿನಕಾಯಿ ತುರಿಯುತ್ತಾಳೆ. ನಮಾಜಿನ ಹೊತ್ತಿಗೆ ನಾವು ಎದ್ದು ಹೋಗುತ್ತೇವೆ. ನೀನು ಬರಲ್ವಾ ಅಂತ ಯಾರೂ ಕೇಳುವುದಿಲ್ಲ.

ಭಟ್ಕಳದಿಂದ: ಮೇಲಿನವರ ಮಾತು ಸರಿ. ಒಂದು ಸೇರಿಸುತ್ತೇನೆ. ಬರುವ ಮುಂಚೆಯೇ ಫೋನಿನಲ್ಲಿ ಮಾತಾಡಿಕೊಳ್ಳಿ. ಊಟದ ಹೊತ್ತಲ್ಲಿ, ಮಕ್ಕಳ ಎದುರು ದೀನನ್ನು ಹಂಗಿಸಬಾರದು ಅಂತ ಅವನಿಗೆ ಹೇಳಿ. ಅವನನ್ನೂ ಯಾರೂ ಹಂಗಿಸುವುದಿಲ್ಲ ಅಂತ ನೀವು ಮಾತು ಕೊಡಿ. ದೊಡ್ಡಪ್ಪ, ಮಾವಂದಿರನ್ನು ಕೂರಿಸಿ ಬುದ್ಧಿ ಹೇಳಿಸೋದು ಬೇಡವೇ ಬೇಡ. ನಮ್ಮ ಅಣ್ಣನ ಮಗ ಅದಾದ ಮೇಲೇ ಬರುವುದನ್ನು ನಿಲ್ಲಿಸಿದ್ದು. ಅವನು ನಂಬಿಕೆ ಬಿಟ್ಟದ್ದಕ್ಕಿಂತ ಅದೇ ನಮ್ಮತ್ತಿಗೆಗೆ ಜಾಸ್ತಿ ನೋವು. ನೀನು ಪ್ರೀತಿಸುವವರನ್ನು ಸನ್ಮಾರ್ಗಕ್ಕೆ ತರುವುದು ನಿನ್ನ ಕೈಯಲ್ಲಿಲ್ಲ ಅಂತ ಪ್ರವಾದಿಯವರಿಗೇ ಹೇಳಲಾಗಿದೆ, ಸೂರಾ ಕಸಸ್ 56. ಅವರ ದೊಡ್ಡಪ್ಪ ಅಬೂತಾಲಿಬ್ ಬಗ್ಗೆ ಇಳಿದದ್ದು ಅನ್ನುತ್ತಾರೆ. ಉಮ್ಮನಿಗೆ ಅದನ್ನು ಓದಿ ಹೇಳಿ. ತನ್ನಿಂದಲೇ ಹೀಗಾಯಿತು ಅಂತ ಕೊರಗುವ ತಾಯಂದಿರಿಗೆ ಅದು ಬೇಕು. ದುಆ (ಪ್ರಾರ್ಥನೆ) ಬಿಡುವುದು ಬೇಡ.

ಹಾಸನದಿಂದ: ನಾನು ವಕೀಲೆ. ಇಂಥ ಮನೆಗಳಲ್ಲಿ ಆಸ್ತಿ ಮಾತು ಬಂದೇ ಬರುತ್ತದೆ. ಮುಸ್ಲಿಮರಿಗೂ ಮುಸ್ಲಿಮೇತರರಿಗೂ ಪರಸ್ಪರ ವಾರಸುದಾರಿಕೆ ಇಲ್ಲ ಅಂತ ಹದೀಸ್ ಇದೆ. ಆದರೆ ಧರ್ಮ ಬಿಟ್ಟವನ ವಾರಸು ಹಕ್ಕು ಅದೇ ಕಾರಣಕ್ಕೆ ಹೋಗುವುದಿಲ್ಲ ಅನ್ನುತ್ತಿತ್ತು ನಮ್ಮ ದೇಶದ 1850ರ ಕಾಯ್ದೆ; ಆ ಕಾಯ್ದೆ ಈಗ ಜಾರಿಯಲ್ಲಿಲ್ಲ. ಅಬ್ಬ ಸಿಟ್ಟಿನಲ್ಲಿ ಆಸ್ತಿ ಪತ್ರ ಬರೆಸಲು ಹೊರಟರೆ, ಹಬ್ಬ ಕಳೆಯಲಿ ಅಂತ ಹೇಳಿ ತಡೆಯಿರಿ.