ಅಪ್‌ಡೇಟ್: ವೇಗ ಇಳಿಸಿದ ಮೇಲೆ ಏನಾಯಿತು

ಮೋಟಾರ್ ಯಾಚ್‌ನಲ್ಲಿ ಕರಾವಳಿಯುದ್ದಕ್ಕೂ ಹೋಗುವಾಗ ಡೀಸೆಲ್ ಸಾಲುತ್ತಿಲ್ಲ, ದೊಡ್ಡ ಟ್ಯಾಂಕ್ ಹಾಕಿಸಬೇಕಾ ಎಂದು ಕೇಳಿದ್ದೆ. ಮೊದಲು ವೇಗ ಇಳಿಸಿ ನೋಡಿ ಅಂದಿದ್ದಿರಿ. ನೋಡಿದೆವು. ಟ್ಯಾಂಕಿನ ಯೋಚನೆ ಸದ್ಯಕ್ಕೆ ಬಿಟ್ಟಿದ್ದೇವೆ.

ನಮ್ಮ ಯಾಚ್‌ನ ವಾಟರ್‌ಲೈನ್ ಉದ್ದ, ಅಂದರೆ ನೀರಿನ ಮಟ್ಟದಲ್ಲಿ ದೋಣಿಯ ಉದ್ದ, 36 ಅಡಿ. ಅದರ ವರ್ಗಮೂಲ 6. ಅದನ್ನು 1.34ರಿಂದ ಗುಣಿಸಿದರೆ ಸುಮಾರು 8 ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ). ಇದೇ ಹಲ್ ಸ್ಪೀಡ್, ದೋಣಿ ಸುಲಭವಾಗಿ ಹೋಗಬಲ್ಲ ವೇಗದ ಮಿತಿ. ಅದನ್ನು ದಾಟಿದರೆ ದೋಣಿ ತಾನೇ ಎಬ್ಬಿಸಿದ ಅಲೆಯನ್ನು ಹತ್ತಬೇಕು, ಡೀಸೆಲ್ ಎಲ್ಲಾ ಅಲ್ಲೇ ಖಾಲಿ! ಈಗ 7 ನಾಟ್‌ನಲ್ಲಿ ಹೋಗುತ್ತೇವೆ. ಮೈಲಿಗೆ ತಗಲುವ ಡೀಸೆಲ್ ಅರ್ಧಕ್ಕಿಂತ ಕಡಿಮೆಯಾಗಿದೆ.

ಆದರೆ ನಿಧಾನವಾದಷ್ಟೂ ಉಬ್ಬರವಿಳಿತದ ಸೆಳೆತ ಜಾಸ್ತಿ ಕಾಡುತ್ತದೆ. 2 ನಾಟ್ ಸೆಳೆತ ಜೊತೆಗಿದ್ದರೆ 36 ನಾಟಿಕಲ್ ಮೈಲಿಗೆ 4 ಗಂಟೆ. ಎದುರಿದ್ದರೆ 7 ಗಂಟೆ ದಾಟುತ್ತದೆ. ಹಾಗಾಗಿ ಈಗ ಹೊರಡುವ ಹೊತ್ತನ್ನು ನಮ್ಮ ನಿದ್ದೆಯಲ್ಲ, ಟೈಡ್ ಟೇಬಲ್ (ಉಬ್ಬರವಿಳಿತದ ವೇಳಾಪಟ್ಟಿ) ನಿರ್ಧರಿಸುತ್ತದೆ.

ಟರ್ಬೊ ಎಂಜಿನ್‌ಗೆ ತುಂಬಾ ಹೊತ್ತು ಕಡಿಮೆ ಲೋಡ್ ಒಳ್ಳೆಯದಲ್ಲ, ಮಸಿ ಕಟ್ಟುತ್ತದೆ ಎಂದು ಒಬ್ಬರು ಎಚ್ಚರಿಸಿದ್ದಿರಿ. ಅದಕ್ಕೇ ಆಗಾಗ ಸ್ವಲ್ಪ ಹೊತ್ತು ಜೋರಾಗಿ ಓಡಿಸುತ್ತೇವೆ. ಡೀಸೆಲ್ ಲೆಕ್ಕ ಹಳೆಯದೇ: ಮೂರನೇ ಒಂದು ಭಾಗ ಹೋಗಲು, ಒಂದು ಭಾಗ ಬರಲು, ಉಳಿದದ್ದು ಮುಟ್ಟುವಂತಿಲ್ಲ.

ಉಳಿದ ತಲೆನೋವು ಓಲಾಟ. ಪಕ್ಕದಿಂದ ಅಲೆ ಬಂದರೆ ಈ ವೇಗದಲ್ಲಿ ಲೋಟ ನಿಲ್ಲುವುದಿಲ್ಲ. ಸ್ವಲ್ಪ ಓರೆಯಾಗಿ ಹೋದರೆ ಪರವಾಗಿಲ್ಲ, ದೂರ ಮಾತ್ರ ಹೆಚ್ಚುತ್ತದೆ. ಓಲಾಟ ತಗ್ಗಿಸಲು ಫಿನ್ ಸ್ಟೆಬಿಲೈಸರ್ (ನೀರಿನೊಳಗಿನ ರೆಕ್ಕೆಗಳು) ಹಾಕಿಸಲಾ, ಗೈರೋನಾ (ದೋಣಿಯೊಳಗೆ ವೇಗವಾಗಿ ತಿರುಗುವ ಭಾರದ ಚಕ್ರ)? ಲಂಗರು ಹಾಕಿದಾಗಲೂ ಗೈರೋ ಕೆಲಸ ಮಾಡುತ್ತದೆ ನಿಜ, ಆದರೆ ಅದಕ್ಕಾಗಿ ರಾತ್ರಿಯಿಡೀ ಜನರೇಟರ್ ಸದ್ದು ಸಹಿಸಬೇಕಲ್ವಾ? ಬಳಸಿದವರು ಹೇಳಿ.